ಹನ್ನೊಂದನೇ ಪುಟದ ಅಂಚು

ಆ ದೊಡ್ಡ ವಿಜ್ಞಾನಿಯ ಬಗ್ಗೆ ಇದುವರೆಗೆ ನಾಲ್ಕು ಪುಸ್ತಕ ಬಂದಿವೆ. ನಾಲ್ಕನ್ನೂ ಓದಿದ್ದೇನೆ. ಇಪ್ಪತ್ತೇಳಕ್ಕೇ ಪ್ರೊಫೆಸರಾದದ್ದು, ಪ್ರಯೋಗಾಲಯದ ಮುಖ ನೋಡದೆ ಬರೀ ಕಾಗದದ ಮೇಲೆ ಅಣುವಿನೊಳಗಿನ ಬಲಗಳನ್ನು ಲೆಕ್ಕ ಹಾಕಿದ್ದು, ಪದಕ, ಶಾಲು, ಸರಳತೆ, ಎಲ್ಲವೂ ಅವುಗಳಲ್ಲಿವೆ. ನನ್ನ ದೊಡ್ಡಮ್ಮ ಮಾತ್ರ ಇಲ್ಲ. ಒಂದು ಪುಸ್ತಕದ ಅಡಿಟಿಪ್ಪಣಿಯಲ್ಲಿ ‘ಬೆರಳಚ್ಚುಗಾರ್ತಿಯ ಅಜಾಗರೂಕತೆ’ ಎಂಬ ಎರಡು ಪದಗಳಿವೆ. ಅದೇ ನನ್ನ ದೊಡ್ಡಮ್ಮ. ಓದಿದಾಗಲೆಲ್ಲ ಮೈ ಉರಿಯುತ್ತದೆ. ಆ ವಿಜ್ಞಾನಿಗೆ ಬಹುವಚನ ಕೊಡಲು ನನಗೆ ಮನಸ್ಸಿಲ್ಲ, ಓದುವವರು ಬೇಕಾದರೆ ಸೇರಿಸಿಕೊಳ್ಳಲಿ.

ದೊಡ್ಡಮ್ಮ ನನ್ನ ಅಮ್ಮನ ಅಕ್ಕ. ಇಪ್ಪತ್ತಕ್ಕೆ ಅವನಿದ್ದ ಸಂಶೋಧನಾ ಸಂಸ್ಥೆಯಲ್ಲಿ ಟೈಪಿಸ್ಟ್ ಆಗಿ ಸೇರಿ, ಹನ್ನೊಂದು ವರ್ಷ ಅವನೊಬ್ಬನ ಪ್ರಬಂಧಗಳನ್ನೇ ಟೈಪ್ ಮಾಡಿದಳು. ಅವನ ಕೋಣೆಗೂ ಶೌಚಾಲಯಕ್ಕೂ ನಡುವೆ ಅವಳ ಕೋಣೆ. ತೆರೆಯದ ಕಿಟಕಿ, ಒಂದು ಕಾಲಿಗೆ ರಟ್ಟು ಮಡಚಿಟ್ಟ ಮೇಜು, ಎತ್ತಲು ಇಬ್ಬರು ಬೇಕಾಗುವ ಕರಿ ಟೈಪ್‌ರೈಟರ್. ಅವನ ಗಣಿತದ ಅರ್ಧ ಚಿಹ್ನೆಗಳು ಆ ಯಂತ್ರದಲ್ಲಿರಲಿಲ್ಲ. ಅವಳು ಅಕ್ಷರಗಳನ್ನು ಹೊಡೆದು, ಸಮೀಕರಣಗಳಿಗೆ ಅಳೆದು ಜಾಗ ಬಿಟ್ಟು, ಆಮೇಲೆ ಸಣ್ಣ ನಿಬ್ಬಿನಲ್ಲಿ ಒಂದೊಂದನ್ನೇ ಬರೆಯುತ್ತಿದ್ದಳು.

ಅವರಿಬ್ಬರ ನಡುವೆ ಒಂದು ಕ್ರಮವಿತ್ತು, ಅವನೇ ಮಾಡಿದ್ದು. ಅನುಮಾನ ಬಂದ ಕಡೆ ಅವಳು ಕಾರ್ಬನ್ ಪ್ರತಿಯ ಅಂಚಿನಲ್ಲಿ ಪೆನ್ಸಿಲಿನಿಂದ ಪ್ರಶ್ನೆಯ ಗುರುತು ಹಾಕಬೇಕು. ತಿದ್ದುವುದಿದ್ದರೆ ಅವನು ಪಕ್ಕದಲ್ಲಿ ಸರಿ ಗುರುತು ಹಾಕುತ್ತಿದ್ದ. ಬೇಡವಾದರೆ ‘ಇರಲಿ’ ಎಂದು ಬರೆಯುತ್ತಿದ್ದ. ಕೊನೆಯ ಅಕ್ಷರದ ಬಾಲವನ್ನು ಇಡೀ ಪದದ ಕೆಳಗೆ ಹಿಂದಕ್ಕೆ ಎಳೆದುಬಿಡುತ್ತಿದ್ದ. ಉತ್ತರ ಬರೆಯದೆ ಪ್ರತಿ ವಾಪಸ್ ಬರುವಂತಿರಲಿಲ್ಲ.

ಒಂದು ದಿನ ಹನ್ನೊಂದನೇ ಪುಟದ ಅಂಚಿನಲ್ಲಿ ಅವಳ ಗುರುತು ನೋಡಿ ಅವನು ಪ್ರತಿ ಹಿಡಿದುಕೊಂಡು ಅವಳ ಕೋಣೆಗೇ ಬಂದ.

“ಏನಮ್ಮಾ, ಇನ್ಮೇಲೆ ಫಿಸಿಕ್ಸೂ ನೀವೇ ಮಾಡ್ತೀರಾ?”

“ಇಲ್ಲ ಸರ್. ಆರನೇ ಪುಟದಲ್ಲಿ ಇದೇ ಸಾಲಿಗೆ ಕಳೆಯೋ ಗುರುತು ಬರೆದಿದೀನಿ. ಇಲ್ಲಿ ಕೂಡೋ ಗುರುತು ಬಂದಿದೆ. ಅಡುಗೆ ಬರದೇ ಇರೋರಿಗೂ ಉಪ್ಪು ಜಾಸ್ತಿ ಆದ್ರೆ ಗೊತ್ತಾಗುತ್ತಲ್ಲ ಸರ್.”

ಅವನು ನಗಲಿಲ್ಲ. ಅವಳ ಮೇಜಿನ ಮೇಲೆಯೇ ಬಗ್ಗಿ ‘ಇರಲಿ’ ಎಂದು ಬರೆದು ಹೋದ.

ಪ್ರಬಂಧ ಅಚ್ಚಾಯಿತು. ಐದು ತಿಂಗಳಿಗೆ, ದೂರದ ಯಾರೋ ಸಂಶೋಧಕ ಪತ್ರಿಕೆಗೆ ಬರೆದ: ಹನ್ನೊಂದನೇ ಪುಟದಲ್ಲಿ ಚಿಹ್ನೆ ತಪ್ಪಿದೆ, ಅಲ್ಲಿಂದ ಮುಂದೆ ಎಲ್ಲ ಉಲ್ಟಾ. ನಮ್ಮ ಮಹಾನುಭಾವ ಮುಂದಿನ ಸಂಚಿಕೆಯಲ್ಲೇ ತಿದ್ದುಪಡಿ ಹಾಕಿಸಿದ: ‘ಬೆರಳಚ್ಚಿನ ದೋಷದಿಂದ ಆದ ತಪ್ಪಿಗೆ ಲೇಖಕರು ವಿಷಾದಿಸುತ್ತಾರೆ.’ ತಿದ್ದಿದ ಆ ಫಲಿತಾಂಶಕ್ಕೇ ಅವನಿಗೆ ದೊಡ್ಡ ಪದಕ ಬಂದದ್ದು. ಕುತ್ತಿಗೆಯಲ್ಲಿ ಪದಕ, ತಪ್ಪು ಮಾತ್ರ ನನ್ನ ದೊಡ್ಡಮ್ಮನ ಕೊರಳಿಗೆ.

ಅವಳು ಕಾರ್ಬನ್ ಪ್ರತಿ ಹಿಡಿದು ಆಡಳಿತಾಧಿಕಾರಿಯ ಹತ್ತಿರ ಹೋದಳು. ಅವನನ್ನೂ ಕರೆಸಿದರು. ಅವನು ಕೂರಲೂ ಇಲ್ಲ.

“ಇದು ನನ್ನ ಕೈಬರಹ ಅಲ್ಲ. ಆಮೇಲೆ ಈಕೇನೇ ಬರ್ಕೊಂಡಿದಾಳೆ.”

“ಹಳೇ ಪ್ರತಿಗಳನ್ನ ತೆಗೆಸಿ ನೋಡಿ ಸರ್, ಹೋಲಿಸಿ ನೋಡಿ” ಅಂದಳು ಅವಳು. ಹಳೆಯ ಪ್ರತಿಗಳಿದ್ದ ಬೀರುವಿನ ಬೀಗದಕೈ ಅವನ ಜೇಬಿನಲ್ಲೇ ಇತ್ತು. ಆಡಳಿತಾಧಿಕಾರಿ ಕೈಚಾಚಿ ಕೇಳಲಿಲ್ಲ. “ಮೂರಕ್ಷರ ತಾನೇ, ಯಾರು ಬೇಕಾದ್ರೂ ಬರೀಬಹುದು” ಎಂದು ಕಡತ ಮುಚ್ಚಿದ. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ.

ಅವಳನ್ನು ಮೆಟ್ಟಿಲ ಕೆಳಗಿನ ಉಗ್ರಾಣಕ್ಕೆ ಹಾಕಿದರು. ಸೀಮೆಸುಣ್ಣ, ಡಸ್ಟರು, ಬಲ್ಬುಗಳ ನಡುವೆ ಇಪ್ಪತ್ತನಾಲ್ಕು ವರ್ಷ. ಗುಮಾಸ್ತರು ಅವಳಿಗೆ ‘ಪ್ಲಸ್ಸಮ್ಮ’ ಎಂದು ಹೆಸರಿಟ್ಟರು. ಅವನ ಕೋಣೆಗೆ ಸೀಮೆಸುಣ್ಣವನ್ನೂ ಅವಳೇ ಕೊಡಬೇಕಾಗಿತ್ತು. ಬಡವನ ಕೋಪ ದವಡೆಗೆ ಮೂಲ ಎಂದು ಅಮ್ಮ ಸಮಾಧಾನ ಹೇಳುತ್ತಿದ್ದಳು. ನನಗೆ ಆ ಗಾದೆ ಮಾಡಿದವನ ದವಡೆ ಮುರಿಯಬೇಕು ಅನ್ನಿಸುತ್ತಿತ್ತು.

ನನ್ನ ಮನೆಪಾಠವನ್ನು ನೋಡುತ್ತಿದ್ದವಳು ಅವಳೇ. ಉತ್ತರ ಹೇಳುತ್ತಿರಲಿಲ್ಲ, ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕಿ ಕೊಡುತ್ತಿದ್ದಳು. ನಮ್ಮ ಮನೆಯಲ್ಲಿ ‘ಇರಲಿ ಬಿಡು’ ಎಂಬ ಮಾತಿಗೆ ಜಾಗವಿರಲಿಲ್ಲ. ನಾನು ಇವತ್ತು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರೆ ಅದು ಆ ಗುರುತುಗಳ ದೆಸೆಯಿಂದ.

ಹೋದ ವರ್ಷ ಸಂಸ್ಥೆಯವರು ಅವನ ಹೆಸರಿನಲ್ಲಿ ವಸ್ತುಸಂಗ್ರಹದ ಕೋಣೆ ಮಾಡಿದರು. ಅವನ ಕುರ್ಚಿ, ಅವನ ಕನ್ನಡಕ, ಜೊತೆಗೆ ‘ಅವರ ಟೈಪ್‌ರೈಟರ್’. ಅವನು ಜನ್ಮದಲ್ಲಿ ಅದರ ಒಂದು ಕೀಲಿ ಒತ್ತಿದವನಲ್ಲ! ನಿರ್ದೇಶಕರು ದೊಡ್ಡಮ್ಮನಿಗೆ ಫೋನ್ ಮಾಡಿದರು: “ಅಮ್ಮಾ, ನೀವು ಬಂದು ಎರಡು ಸಾಲು ಟೈಪ್ ಮಾಡಿ ತೋರಿಸ್ಬೇಕು. ಸಾಹೇಬ್ರೂ ಬರ್ತಾರೆ. ಫೋಟೋ ಚೆನ್ನಾಗಿ ಬರುತ್ತೆ.”

ಹೋಗಬೇಡ ಎಂದು ನಾನು ಕೂಗಾಡಿದೆ.

“ಹೋಗ್ಬೇಕು ಕಣೆ,” ಅಂದಳು. “ಒಂದು ಪೆನ್ಸಿಲ್ ಚೂಪು ಮಾಡ್ಕೊಡು.”

ಅವನಿಗೆ ಎಂಬತ್ತೆಂಟು, ಗಾಲಿಕುರ್ಚಿ. ಅವಳಿಗೆ ಎಪ್ಪತ್ತಾರು. ತುಂಬಿದ ಕೋಣೆಯಲ್ಲಿ ಅವಳು ಯಂತ್ರದ ಮುಂದೆ ಕುಳಿತು, ಕಾರ್ಬನ್ ಸೇರಿಸಿ, ಹಳೆಯ ತಿದ್ದುಪಡಿಯ ಸಾಲನ್ನು ಅಕ್ಷರ ಬಿಡದೆ ಹೊಡೆದಳು. ಪ್ರತಿ ಎಳೆದು, ‘ಬೆರಳಚ್ಚಿನ ದೋಷ’ ಎಂಬಲ್ಲಿ ಅಂಚಿಗೆ ಪ್ರಶ್ನೆಯ ಗುರುತು ಹಾಕಿ, ಅವನ ತೊಡೆಯ ಮೇಲಿಟ್ಟು ಪೆನ್ಸಿಲ್ ಕೊಟ್ಟಳು.

“ಸರ್, ಗುರುತು ಹಾಕಿದೀನಿ. ನೋಡಿ ಕೊಡಿ.”

ಜನ ಹಳೆಯ ಕಾಲದ ಆಟವೆಂದುಕೊಂಡು ನಕ್ಕರು. ಅವನು ಓದಿದ. ಅರ್ಥವಾದದ್ದು ಅವನ ಕಣ್ಣಲ್ಲಿ ಕಂಡಿತು. ತಲೆಯೆತ್ತಿ ಅವಳನ್ನು ನೋಡಿದ. ಒಂದು ಸರಿ ಗುರುತು ಹಾಕಲು ಎಷ್ಟು ಹೊತ್ತು ಬೇಕು? ಪೆದ್ದಿ ನಾನು, ಹಾಕುತ್ತಾನೆ ಎಂದೇ ಕಾದೆ. ಅವನು ಪೆನ್ಸಿಲನ್ನು ಅಂಚಿಗೆ ಊರಿದ. ‘ಇರಲಿ’ ಎಂದು ಬರೆದ. ಬಾಲ ಹಿಂದಕ್ಕೆ ಎಳೆದ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

ಚಪ್ಪಾಳೆ ಬಿತ್ತು. ನನಗೆ ಆ ಗಾಜಿನ ಪೆಟ್ಟಿಗೆಗಳನ್ನೆಲ್ಲ ಎತ್ತಿ ಕುಕ್ಕುವಷ್ಟು ಸಿಟ್ಟು. ದೊಡ್ಡಮ್ಮ ಮಾತ್ರ ಬ್ಯಾಗಿನಿಂದ ಹಳದಿಗಟ್ಟಿದ ಹನ್ನೊಂದನೇ ಪುಟ ತೆಗೆದು, ಅವನ ತೊಡೆಯ ಮೇಲಿದ್ದ ಹೊಸ ಪ್ರತಿಯನ್ನೂ ಎತ್ತಿಕೊಂಡು, ಎರಡನ್ನೂ ಅಕ್ಕಪಕ್ಕ ಹಿಡಿದು ನಿರ್ದೇಶಕರಿಗೆ ಕೊಟ್ಟಳು.

“ಇವೆರಡನ್ನೂ ಗಾಜಿನೊಳಗೆ ಇಡಿ. ಇದು ಯಾರ ಕೈಬರಹ ಅಂತ ಅವತ್ತು ಯಾರಿಗೂ ಗೊತ್ತಾಗ್ಲಿಲ್ಲ.”

ನಿರ್ದೇಶಕರು ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು, ಮತ್ತೆ ಮೊದಲನೆಯದನ್ನು ನೋಡಿದರು. ಚಪ್ಪಾಳೆ ಮುಂದಿನ ಸಾಲಿನಿಂದ ನಿಲ್ಲುತ್ತಾ ಹಿಂದಕ್ಕೆ ಹೋಯಿತು. ಗಾಲಿಕುರ್ಚಿಯಲ್ಲಿದ್ದವನು “ಅದು...” ಎನ್ನುತ್ತಾ ಪುಟಗಳತ್ತ ಕೈ ಚಾಚಿದ.

ಮೆಟ್ಟಿಲಿಳಿಯುವಾಗ ಕೇಳಿದೆ: “ದೊಡ್ಡಮ್ಮಾ, ಅವನು ಸರಿ ಗುರುತು ಹಾಕಿದ್ದಿದ್ರೆ?”

ಅವಳು ಪಕ್ಕದ ಕಂಬಿ ಹಿಡಿದು ಒಂದು ಮೆಟ್ಟಿಲು ಇಳಿದಳು.

“ಹಾಕಿದ್ದಿದ್ರೆ ಹಳೇ ಪುಟ ಬ್ಯಾಗಲ್ಲೇ ಇರ್ತಿತ್ತು.”