ವೈಲ್ಡ್ ದೊಡ್ಡಮ್ಮ

ಈ ಫೋನಿನ ಗಾಜಿಗೆ ಗಣಿಕೆ ಸೊಪ್ಪಿನ ವಾಸನೆ ಹತ್ತಿದೆ. ಸೊಪ್ಪು ಚಿವುಟಿದ ಕೈಯಲ್ಲೇ ಬರೆಯಲು ಕೂತಿದ್ದೇನೆ. ಕೈ ತೊಳೆದು ಬರುವಷ್ಟರಲ್ಲಿ ಹೇಳಬೇಕಾದ್ದು ಮರೆತುಹೋಗುವ ವಯಸ್ಸು. ಒಂದೇ ಹೆಬ್ಬೆರಳಿನ ಬರವಣಿಗೆ, ನೀವೂ ನಿಧಾನವಾಗಿ ಓದಿ.

ಟೈಪಿಂಗ್ ಕಲಿಸಿದ ಗುರು ನನ್ನ ಮೊಮ್ಮಗಳು ತಾರಾ, ಹದಿನಾಲ್ಕು ವರ್ಷ. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಅದರಲ್ಲೂ ಎಲ್ಲದಕ್ಕೂ ಒಂದೇ ಮಾತು, ವೈಲ್ಡ್. ಈ ಪರದೇಶದ ಲಂಗಾಟಾದಲ್ಲಿ ನಮ್ಮ ಮನೆಯಾಚೆಯ ವನ್ಯಪ್ರಾಣಿ ಪಾರ್ಕಿನ ಸಿಂಹ ವೈಲ್ಡ್, ಸರಿ. ಬಾಚದ ತಲೆಯೂ ವೈಲ್ಡ್, ಗಣಿತದ ಪರೀಕ್ಷೆಯೂ ವೈಲ್ಡ್, ಮಟಾಟು ಅನ್ನುವ ಬಾಡಿಗೆ ವ್ಯಾನು ಓಡಿಸುವವನಂತೂ ಹುಟ್ಟಾ ವೈಲ್ಡ್. ಹೋದ ವಾರ ಬೇಲಿಯ ಬುಡದಲ್ಲಿ ತಾನಾಗಿ ಹುಟ್ಟಿದ ಗಣಿಕೆ ಸೊಪ್ಪಿಗೆ ಕೈ ಹಾಕಿದರೆ, "ಅಜ್ಜಿ, ಡೋಂಟ್ ಈಟ್ ದಟ್. ಇಟ್ಸ್ ವೈಲ್ಡ್."

"ಮನೆಗೆಲಸಕ್ಕೆ ಬರೋ ವಂಜಿರು ಇದನ್ನೇ ಮನಗು ಅಂತ ಬೇಯಿಸಿ ತಿಂತಾಳೆ. ಅವಳೇನು ಸಿಂಹವಾ?" ಎಂದೆ.

ಆಗ ನೆನಪಾದವಳು ದೊಡ್ಡಮ್ಮ, ನನ್ನ ಅಮ್ಮನ ಅಕ್ಕ. ಮೈಸೂರಿನಲ್ಲಿ ಖಾಲಿ ಸೈಟು ಕಂಡರೆ ಸಾಕು, ಸೆರಗನ್ನು ಮಡಿಲು ಕಟ್ಟಿ ಇಳಿದುಬಿಡುತ್ತಿದ್ದಳು. ಹತ್ತು ಬಗೆಯ ಕುಡಿ ಸೇರಿದರೆ ಬೆರಕೆ ಸೊಪ್ಪು. "ಬೇರು ಕೀಳ್ಬೇಡ ಕಣೇ, ಕುಡಿ ಚಿವುಟು. ನಾಳೆ ಬರೋರಿಗೂ ಬೇಕಲ್ವಾ?" ಎನ್ನುತ್ತಿದ್ದಳು. ನಾಯಿ ಬೊಗಳಿದರೆ ತಾನೂ ತಿರುಗಿ ಬೊಗಳುವಳು. ನಕ್ಕರೆ ಮೂರು ಮನೆಗೆ ಕೇಳಬೇಕು. "ಒಳ್ಳೆ ಕಾಡುಪ್ರಾಣಿ" ಎಂದು ನಮ್ಮವರೆಲ್ಲ ಮೂಗು ಮುರಿಯುತ್ತಿದ್ದರು. ಅವಳ ಮಸ್ಸೊಪ್ಪಿಗೆ ಮಾತ್ರ ಎರಡನೇ ಮುದ್ದೆ ಕೇಳುತ್ತಿದ್ದರು.

ಮದುವೆಯಾಗಿ ಅದೇ ಊರಿನ ಹೊಸ ಬಡಾವಣೆಗೆ ಬಂದೆ. ಒಂದು ಬೆಳಗ್ಗೆ ಎದುರು ಸೈಟಿನಲ್ಲಿ ದೊಡ್ಡಮ್ಮ, ಮಂಡಿಯವರೆಗೆ ಸೀರೆ ಎತ್ತಿ ಕಟ್ಟಿಕೊಂಡು.

"ಯಾರ್ರೀ ಅದು?" ಎಂದಳು ಪಕ್ಕದ ಮನೆಯಾಕೆ.

"ಯಾರೋ ಸೊಪ್ಪಿನೋಳು," ಎಂದೆ.

ದೊಡ್ಡಮ್ಮ ತಲೆ ಎತ್ತಿ ನೋಡಿದಳು, ಮತ್ತೆ ಬಗ್ಗಿದಳು. ಆಮೇಲೆ ನಮ್ಮ ಹಿತ್ತಿಲ ಬಾಗಿಲಿಗೆ ಬಂದು, "ಸೊಪ್ಪು ಬೇಕೇನ್ರಮ್ಮಾ?" ಎಂದು ಕೂಗಿ, ಮಡಿಲಿನದ್ದೆಲ್ಲ ಸುರಿದು, ನಗುತ್ತ ಹೋದಳು. ಬೈದಿದ್ದರೆ ಅಂದೇ ಮುಗಿದುಹೋಗುತ್ತಿತ್ತು. ತಪ್ಪಾಯ್ತು ಅನ್ನಲು ನನಗೆ ಬಾಯಿ ಬರಲೇ ಇಲ್ಲ, ಅವಳು ಕಾಯಲೂ ಇಲ್ಲ.

ಇವತ್ತು ಮತ್ತೆ ಬೇಲಿ ಬುಡದಲ್ಲಿ ಕೂತಿದ್ದೆ. ನೈಟಿಯ ಮೇಲೆ ಅಳಿಯನ ಸ್ವೆಟರು, ಕಾಲಿಗೆ ವಂಜಿರುವಿನ ಗಮ್‌ಬೂಟು. ಗೇಟು ತೆರೆದು ತಾರಾ ಇಬ್ಬರು ಗೆಳತಿಯರೊಂದಿಗೆ ಬಂದಳು. ಒಬ್ಬಳು ನನ್ನ ಕಡೆ ನೋಡಿ, "ಹೂ ಈಸ್ ದಟ್?" ಎಂದಳು.

ನಾನು ತಲೆ ಎತ್ತಲಿಲ್ಲ. ಏನು ಹೇಳುತ್ತಾಳೋ ಎಂದು ಕುಡಿ ಚಿವುಟುತ್ತಲೇ ಕಿವಿಗೊಟ್ಟೆ. ಏನು ಹೇಳಿದರೂ ದೂರುವ ಹಕ್ಕು ನನಗಿರಲಿಲ್ಲ.

"ಮೈ ಅಜ್ಜಿ," ಎಂದಳು ತಾರಾ. "ಶಿ ಈಸ್ ವೈಲ್ಡ್."

ಪಾರ್ಕಿನಲ್ಲಿ ಸಿಂಹ ಕಂಡ ದಿನ ಬಂದಿದ್ದ ದನಿ ಅದು. ಹತ್ತಿರ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಒಂದು ಗಿಡವನ್ನು ಬೇರುಸಮೇತ ಎಳೆದಳು.

"ಬೇರು ಕೀಳ್ಬೇಡ ಕಣೇ. ಕುಡಿ ಚಿವುಟು."

"ಹೂ ಟಾಟ್ ಯು?"

"ನಮ್ಮ ದೊಡ್ಡಮ್ಮ," ಎಂದೆ, ಪಕ್ಕದ ಮನೆಗೂ ಕೇಳುವ ಹಾಗೆ.