ಜೀಪಿನ ಅಣ್ಣನ ಅಂಗೈ

ನೆನೆಸಿದ ಅವರೆಕಾಳು ಹಿದುಕುತ್ತಾ ಹಿತ್ತಲಲ್ಲಿ ಕೂತಿದ್ದಾಗ ಸುದ್ದಿ ಬಂತು, ಪಕ್ಕದ ಮನೆಯ ಜೀಪಿನ ಅಣ್ಣ ಹೋಗಿಬಿಟ್ಟರೆಂದು. ನನ್ನ ಕಣ್ಣಿಗೆ ಕಟ್ಟಿದ್ದು ಅವರ ಮುಖವಲ್ಲ, ಅಂಗೈ. ಅಗಲವಾಗಿ, ಸ್ಟೀರಿಂಗ್ ಹಿಡಿದು ಹಿಡಿದು ಒರಟಾಗಿದ್ದ ಅಂಗೈ. ನನ್ನ ತಾಳಿ ಉಳಿಸಿದ ಕೈ ಅದು.

ಅಣ್ಣ ಕೊಳ್ಳೇಗಾಲದಲ್ಲಿ ಪೊಲೀಸ್ ಗಸ್ತು ಜೀಪಿನ ಡ್ರೈವರ್. ದಿನಾ ಸ್ಟೀರಿಂಗಿಗೆ ನಮ್ಮ ಬೆಟ್ಟದ ದೇವರು ಮಾದಪ್ಪನ ವಿಭೂತಿ ಹಚ್ಚದೆ ಗಾಡಿ ತೆಗೆದವರಲ್ಲ. ನನ್ನ ಯಜಮಾನರು ಧನಗೆರೆ ರಸ್ತೆಯಲ್ಲಿ ಎದೆ ಹಿಡಿದುಕೊಂಡು ಬಿದ್ದ ದಿನ ಮೊದಲು ಬಂದದ್ದು ಆ ಜೀಪು. ಆಂಬುಲೆನ್ಸ್ ಬರುವವರೆಗೂ ಅಣ್ಣ ಮಣ್ಣಿನಲ್ಲಿ ಮಂಡಿಯೂರಿ ಎದೆ ಒತ್ತುತ್ತಲೇ ಇದ್ದರಂತೆ. ಆಸ್ಪತ್ರೆಯಲ್ಲಿ ಯಜಮಾನರು ಕಣ್ಣು ಬಿಟ್ಟ ಮೇಲೆ ನಾನು ಕಾಲಿಗೆ ಬೀಳಲು ಹೋದರೆ ಅಣ್ಣ ಹಿಂದೆ ಸರಿದರು.

"ನನ್ ಕಾಲಿಗ್ಯಾಕವ್ವ ಬೀಳ್ತೀಯೆ, ಮಾದಪ್ಪಂಗೆ ಬೀಳು. ಎಲ್ರಿಗೂ ಇಂಗೇ ಆಯ್ತದೆ ಅನ್ಕಬ್ಯಾಡ. ಜೀಪಲ್ಲಿ ಆ ಮಿಷನ್ ಇರ್ಬೇಕು ಕಣವ್ವ."

ಡಿಫಿಬ್ರಿಲೇಟರ್ ಅಂತೆ ಅದರ ಹೆಸರು. ನಮ್ಮ ಬೀದಿಯವರ ಬಾಯಲ್ಲಿ ಎದೆ ಮಿಷನ್. ಊಟದ ಡಬ್ಬಿಯಷ್ಟು ದೊಡ್ಡದು; ಎದೆಗೆ ಅಂಟಿಸಿದರೆ ತಾನೇ ನೋಡಿ, ಬೇಕಿದ್ದರೆ ತಾಳ ತಪ್ಪಿದ ಗುಂಡಿಗೆಗೆ ಕರೆಂಟು ಕೊಡುತ್ತದೆ. ಅದು ಬರುವ ತನಕ ಕೈಯಾದರೂ ಇರಲಿ ಎಂದು ಅಣ್ಣ ಬೀದಿಯ ಹೆಂಗಸರನ್ನೆಲ್ಲ ಕೂರಿಸಿ ದಿಂಬಿನ ಮೇಲೆ ಒತ್ತುವುದನ್ನು ಕಲಿಸಿದರು. ನಾವು ನಾಚಿಕೊಂಡರೆ, "ಗಂಡನ ಮ್ಯಾಲಿರೋ ಸಿಟ್ಟೆಲ್ಲ ಇದ್ರ ಮ್ಯಾಲೆ ತೋರ್ಸಿ. ಬುಡ್ಬೇಡಿ, ಒತ್ತಿ" ಎನ್ನುತ್ತಿದ್ದರು.

ಜೀಪುಗಳಿಗೆ ಸರ್ಕಾರದ ದುಡ್ಡಿನಲ್ಲಿ ಮಿಷನ್ ಕೊಡಿಸಿ ಎಂದು ಕೇಳಲು ಅಣ್ಣ ನಮ್ಮ ಕಡೆಯ ಮುಖಂಡನ ಮನೆಗೆ ಹೋದರು. ಬದುಕುಳಿದ ಸಾಕ್ಷಿಯಾಗಿ ನನ್ನ ಯಜಮಾನರು, ಜೊತೆಗೆ ನಾನು. ಆತ ಜೋಕಾಲಿಯಿಂದ ಏಳಲೂ ಇಲ್ಲ.

"ಏನ್ಲಾ ಡ್ರೈವರ್, ಪೊಲೀಸ್ ಜೀಪ್ನ ಆಸ್ಪತ್ರೆ ಮಾಡಕೋಯ್ತೀಯಾ? ಮೊದ್ಲು ಕಳ್ರ ಇಡ್ಕಲಾ."

ಸುತ್ತ ಇದ್ದವರು ನಕ್ಕರು. ಅಣ್ಣನೂ ನಕ್ಕರು, ಆದರೆ ಕಿವಿ ಕೆಂಪಾಗಿತ್ತು. ಆ ಸಲದ ದುಡ್ಡಲ್ಲಿ ರಸ್ತೆಗೆ ಸ್ವಾಗತ ಕಮಾನು ಎದ್ದಿತು, ಅದರ ಮೇಲೆ ಮುಖಂಡನ ಮುಖ.

ಅಣ್ಣನಿಗೆ ಎದೆನೋವು ಬಂದದ್ದು ಹನೂರು ರಸ್ತೆಯಲ್ಲಿ, ಡ್ಯೂಟಿಯಲ್ಲೇ. ಯಾರಿಗೂ ತಾಗದಂತೆ ಜೀಪನ್ನು ಪಕ್ಕಕ್ಕೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಆಮೇಲೆ ವಾಲಿದರಂತೆ. ಜೊತೆಗಿದ್ದ ಪೊಲೀಸಿನವರು ಅಣ್ಣನೇ ಕಲಿಸಿದ ಹಾಗೆ ಒತ್ತಿದರು. ಏಳಲಿಲ್ಲ. ಮಿಷನ್ ಇದ್ದಿದ್ದರೆ ಉಳಿಯುತ್ತಿದ್ದರೋ ಇಲ್ಲವೋ ಮಾದಪ್ಪನಿಗೆ ಗೊತ್ತು. ಇರಲಿಲ್ಲ ಎಂಬುದು ನನಗೆ ಗೊತ್ತು. ಅಂದಿನಿಂದ ಪ್ರತಿ ಸೋಮವಾರ ದೀಪ ಹಚ್ಚುವಾಗ ಆ ಮುಖಂಡನ ಹೆಸರನ್ನೂ ಹೇಳುತ್ತಿದ್ದೆ, ಒಳ್ಳೆಯದಕ್ಕಲ್ಲ. ಅಲ್ಲಿಂದಾಚೆ ಅವರೆ ಹಿದುಕಲು ಕೈಯೂ ಬರಲಿಲ್ಲ.

ಮರುವರ್ಷ ಮಿಷನ್ ಬಂತು. ಸ್ಟೇಷನ್ ಮುಂದೆ ಜೀಪಿಗೆ ಪೂಜೆ. ಅಣ್ಣನ ಹೆಂಡತಿ ಜನರ ಹಿಂದೆ ಎಲ್ಲೋ ನಿಂತಿದ್ದರು. ಆರತಿಗೆ ಕರೆದದ್ದು ಮುತ್ತೈದೆಯೆಂದು ನನ್ನನ್ನು.

"ಈ ಮಿಷನ್ನು ಬೇಕು ಅಂತ ಮೊದ್ಲಿಂದ ಬಡ್ಕಂಡೋನು ನಾನೇ ಕಣ್ರಪ್ಪ" ಎಂದ ಮುಖಂಡ, ಮೈಕಿನಲ್ಲಿ.

ನಮ್ಮ ಕಡೆ ಆಣೆಯೆಂದರೆ ಉರಿಯುವ ಕರ್ಪೂರವನ್ನು ಅಂಗೈಯಿಂದ ಒತ್ತಿ ಆರಿಸಬೇಕು. ಸುಳ್ಳು ಹೇಳಿ ಒತ್ತಿದವನನ್ನು ಮಾದಪ್ಪ ಬಿಡುವುದಿಲ್ಲ. ನಾನು ತಟ್ಟೆಯನ್ನು ಜೀಪಿನಿಂದ ತಿರುಗಿಸಿ ಆತನ ಎದೆಯ ಮುಂದೆ ಹಿಡಿದೆ.

"ಕೇಳ್ದೋರು ನೀವೇ ಅಂತ ಮಾದಪ್ಪನ ಮುಂದೆ ಕರ್ಪೂರ ಆರ್ಸಿ, ಸಾ."

ಆತ ನಗಲು ನೋಡಿದ. ಕೈ ಮುಂದೆ ಬಂತು, ಉರಿಯ ಮೇಲೆ ನಿಂತಿತು.

"ಬುಡ್ಬೇಡಿ ಸಾ, ಒತ್ತಿ" ಎಂದೆ.

ಬೀದಿಯ ಹೆಂಗಸರಿಗೆಲ್ಲ ಆ ಮಾತು ಯಾರದೆಂದು ಗೊತ್ತಿತ್ತು. ಹಿಂದಿನಿಂದ ಒಬ್ಬಳು, "ಒತ್ತಿ ಸಾ" ಎಂದಳು. ಇನ್ನೊಬ್ಬಳೂ ಅಂದಳು. ಆತ ಕೈ ಹಿಂದಕ್ಕೆ ಎಳೆದು ಪಂಚೆಗೆ ಒರೆಸಿಕೊಂಡ, ಸುಡದೇ ಇದ್ದ ಕೈಯನ್ನು.

ನಾನು ಅಣ್ಣನ ಹೆಂಡತಿಯನ್ನು ಮುಂದೆ ಕರೆದು ತಟ್ಟೆ ಕೊಟ್ಟೆ. ಡ್ರೈವರ್ ಸೀಟಿಗೆ ಅವರೇ ಬೆಳಗಿದರು.

ಕ್ಷಮಿಸಬೇಕಿತ್ತು ಎಂದರು ಯಜಮಾನರು. ಕ್ಷಮಿಸಿಲ್ಲ. ಆ ಸೋಮವಾರದಿಂದ ಆತನ ಹೆಸರು ಹೇಳುವುದನ್ನು ಬಿಟ್ಟೆ, ಅಷ್ಟೇ. ಮಾದಪ್ಪನಿಗೆ ಆತನ ಗುರುತು ಸಿಕ್ಕಿರುತ್ತದೆ.

ಅವತ್ತು ಮನೆಗೆ ಬಂದು ಅವರೆಕಾಳು ನೆನೆಹಾಕಿದೆ. ಮಾರನೆ ಬೆಳಿಗ್ಗೆ ಹಿತ್ತಲಲ್ಲಿ ಕೂತು ಹಿದುಕಿದೆ.