ಫ್ಯಾಕ್ಟರಿಯದೇ ತಪ್ಪು

ಟಿಕ್. ಭಾನುವಾರ ಬೆಳಿಗ್ಗೆ ನಮ್ಮ ಕೆಳಗಿನ ಬಾಲ್ಕನಿಯಿಂದ ಆ ಸದ್ದು ಬರುತ್ತಿತ್ತು. ವಿಲೆ ಪಾರ್ಲೆಯಲ್ಲಿ ವಿಮಾನ ತಲೆಯ ಮೇಲೆಯೇ ಹಾರಿಹೋಗುತ್ತದೆ. ಆ ಗದ್ದಲ ಕಳೆಯುವವರೆಗೂ ಕಾದು, ವಾಸಣ್ಣ ತಮ್ಮ ಖಾಲಿ ರಿವಾಲ್ವರಿನ ಕುದುರೆ ಎಳೆದು ಬಿಟ್ಟು, ಕಿವಿ ಹತ್ತಿರ ಹಿಡಿದು ಕೇಳುವರು. ಬನಿಯನ್, ಮೊಣಕಾಲಿಗೆ ಕಟ್ಟಿದ ಲುಂಗಿ, ಹಣೆಯಲ್ಲಿ ಗಂಧ. ಮತ್ತೆ ಟಿಕ್. ನಾನು ಮೇಲಿನಿಂದ ಬಗ್ಗಿ, "ಏನಂತೆ ನಿಮ್ಮ ಪೇಷೆಂಟು?" ಎನ್ನುವೆ. "ಸದ್ದು ಸರಿ ಉಂಟು ಅಕ್ಕ. ಆದ್ರೆ ನಂಬಿಕೆ ಬರೂದಿಲ್ಲ."

ಅವರು ಎಲ್ಲವನ್ನೂ ಸದ್ದಿನಿಂದಲೇ ಅಳೆಯುತ್ತಿದ್ದರು. ಗ್ರಾಂಟ್ ರೋಡಿನ ಅವರ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂತೇ, ಕಾವಲಿ ಕಾದಿಲ್ಲವೆಂದು ದೋಸೆ ಹುಯ್ಯುವವನಿಗೆ ಕೂಗಿ ಹೇಳುವರು. ಯಾವ ವಸ್ತುವನ್ನೂ ಎಸೆದವರಲ್ಲ. ಮಿಕ್ಸಿ, ಫ್ಯಾನು, ಕುಡಿದು ಬಂದ ವೇಟರ್, ಎಲ್ಲಕ್ಕೂ ಒಂದೇ ಮಾತು: "ರಿಪೇರಿ ಮಾಡಿ ನೋಡುವ." ಆ ವೇಟರನ್ನು ಕೆಲಸದಿಂದ ಬಿಡಿಸಿ, ಅದೇ ವಾರ ಕರೆದು ಕೂರಿಸಿ ಊಟ ಹಾಕಿದ್ದೂ ನೆನಪಿದೆ.

ರಿವಾಲ್ವರ್ ಮಾತ್ರ ಅವರ ಆಸೆಯದ್ದಲ್ಲ. ಹೋಟೆಲಿಗೆ ಹಫ್ತಾ ಕೇಳುವ ಫೋನುಗಳು ಬರತೊಡಗಿದಾಗ ಯಾರೋ ದೊಡ್ಡವರು ಹೇಳಿ ಲೈಸೆನ್ಸ್ ಕೊಡಿಸಿದರು. ದೇಶೀ ಕಾರ್ಖಾನೆಯ ಹೊಚ್ಚ ಹೊಸ ಮಾಲು. ಮೊದಲನೆಯ ವರ್ಷವೇ ರೈಫಲ್ ಕ್ಲಬ್ಬಿನಲ್ಲಿ ಪರೀಕ್ಷೆಗೆ ಹೊಡೆದರೆ ಗುಂಡು ಹಾರಲಿಲ್ಲ. ಪೊಲೀಸರ ಪರವಾನಗಿ ಪಡೆದು, ಫೋರ್ಟಿನ ಬಂದೂಕಿನ ಅಂಗಡಿಯ ಮೂಲಕ ಕಾರ್ಖಾನೆಗೆ ಕಳಿಸಬೇಕು. ಅದಕ್ಕೆ ಇಂಗ್ಲಿಷಿನಲ್ಲಿ ಕಂಪ್ಲೇಂಟು. ಬೆಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಕೈಕೆಳಗೆ ಪತ್ರಲೇಖನ ಕಲಿತ ನಾನು ಮೇಲಿನ ಮಹಡಿಯಲ್ಲೇ ಇದ್ದೆನಲ್ಲ. 'ವಿ ಆರ್ ಕನ್‌ಸ್ಟ್ರೇನ್ಡ್ ಟು ಅಬ್ಸರ್ವ್' ಎಂದು ಶುರು ಮಾಡಿದೆ.

"ಅಂದ್ರೆ ಎಂತ ಅಕ್ಕ?"

"ನಮಗೆ ತುಂಬಾ ಸಿಟ್ಟು ಬಂದಿದೆ ಅಂತ."

"ಇಷ್ಟು ಮೆತ್ತಗೆ ಬೈದ್ರೆ ಅವ್ರಿಗೆ ತಾಗ್ತದಾ?"

ತಾಗಲಿಲ್ಲ. ರಿವಾಲ್ವರ್ ವಾಪಸು ಬಂತು, ಜೊತೆಗೆ ಒಂದು ಸಾಲು: ದೋಷ ಕಂಡುಬಂದಿಲ್ಲ, ಪರೀಕ್ಷಾರ್ಥ ಹೊಡೆದಾಗ ಸಮರ್ಪಕವಾಗಿದೆ. ನಿಜಕ್ಕೂ ಸಮರ್ಪಕವಾಗಿತ್ತು. ತಿಂಗಳುಗಟ್ಟಲೆ ಕೈಕೊಡಲಿಲ್ಲ. ಮರುವರ್ಷ ಮತ್ತೆ ಅದೇ ಕಥೆ. ಈ ಸಲ ಒಂದು ಸ್ಪ್ರಿಂಗ್ ಬದಲಿಸಿ ಕಳಿಸಿದರು.

ಈಗ ಆಯುಧಪೂಜೆಯ ವಿಷಯ ಹೇಳಬೇಕು. ವಾಸಣ್ಣನ ಹೆಂಡತಿ ಮದುವೆಯಾದ ಕೆಲವೇ ವರ್ಷಕ್ಕೆ ತೀರಿಕೊಂಡಿದ್ದಳು. ಹೋಟೆಲಿನ ಗ್ರೈಂಡರು, ತಕ್ಕಡಿಗಳ ಪೂಜೆ ಭಟ್ಟರದ್ದು. ರಿವಾಲ್ವರನ್ನು ಮಾತ್ರ ಗುಂಡು ತೆಗೆದು, ಹಿತ್ತಾಳೆ ತಟ್ಟೆಯಲ್ಲಿಟ್ಟುಕೊಂಡು ನಮ್ಮ ಮನೆಗೆ ತರುವರು. "ಬಾಕಿಯವ್ರೆಲ್ಲ ಸ್ಕೂಟರಿಗೆ ಪೂಜೆ ಮಾಡ್ತಾರೆ. ನಮ್ಮಲ್ಲಿ ನಿಜವಾದ ಆಯುಧವೇ ಉಂಟಲ್ವಾ? ಮುತ್ತೈದೆ ಕೈಯಿಂದ ಆಗ್ಲಿ ಅಕ್ಕ." ನಮ್ಮವರು ಪೇಪರಿನ ಹಿಂದೆ ನಗುವರು. ನನಗೆ ಒಳಗೊಳಗೇ ಹೆಮ್ಮೆ. ಉಕ್ಕಿನ ಮೇಲೆ ಒಣ ಕುಂಕುಮ ನಿಲ್ಲುವುದಿಲ್ಲವೆಂದು ಎಳ್ಳೆಣ್ಣೆಯಲ್ಲಿ ಕಲಸಿ, ನಳಿಗೆಗೊಂದು, ಹಿಡಿಗೊಂದು, ಹೆಬ್ಬೆರಳಿನಿಂದ ಹಿಂದಕ್ಕೆಳೆಯುವ ಆ ಕುದುರೆಯ ಬುಡಕ್ಕೆ ದೊಡ್ಡದೊಂದು ಬೊಟ್ಟು ಇಡುತ್ತಿದ್ದೆ. ಮೇಲೊಂದು ಸೇವಂತಿಗೆ. ಹೂ ಒಣಗಿದ ಮೇಲೆ ಅವರು ತೆಗೆಯುವರು. ಬೊಟ್ಟು ಒರೆಸುವುದು ಅಶುಭವೆಂದು ಹಾಗೇ ಬಿಡುವರು.

ಮೂರನೆಯ ವರ್ಷ, ದಸರಾ ಮುಗಿದು ದೀಪಾವಳಿಗೆ ಮುಂಚೆ, ಮಧ್ಯಾಹ್ನದ ಊಟದ ಗದ್ದಲ ಇಳಿದಾಗ ಇಬ್ಬರು ಹೋಟೆಲಿಗೆ ಬಂದರು. ಗಲ್ಲಾದಲ್ಲಿ ಭುಜಂಗನಿದ್ದ. ತೀರಿಕೊಂಡ ಹೆಂಡತಿಯ ತಮ್ಮ. ವಾಸಣ್ಣನೇ ಊರಿಂದ ಕರೆತಂದು ಮಗನಂತೆ ಸಾಕಿದವನು. ಹೋಟೆಲ್ ಹುಡುಗರ ಯಕ್ಷಗಾನದ ಮೇಳಕ್ಕೆ ಅವನೇ ಮದ್ದಳೆ. ಅವನ ಕುತ್ತಿಗೆಗೆ ಮಚ್ಚಿನಂಥ ಕೊಯ್ತಾ ಇಟ್ಟದ್ದನ್ನು ಅಡುಗೆಮನೆಯ ಬಾಗಿಲಿನಿಂದ ಕಂಡ ವಾಸಣ್ಣ ರಿವಾಲ್ವರ್ ಎತ್ತಿ ಕುದುರೆ ಎಳೆದರು. ಟಿಕ್. ಮತ್ತೆ ಟಿಕ್. ಬಂದವರು ನಕ್ಕರಂತೆ. ತಡೆಯಲು ಚಾಚಿದ ಭುಜಂಗನ ಬಲಗೈ ಮೇಲೆ ಕೊಯ್ತಾ ಬೀಸಿ ಓಡಿಹೋದರು. ಬೆರಳುಗಳು ಹೋದವು. ಮದ್ದಳೆಯೂ ಹೋಯಿತು.

ಪೊಲೀಸರಿಂದ ಬಿಡಿಸಿಕೊಂಡ ರಿವಾಲ್ವರ್ ಮತ್ತೆ ಕಾರ್ಖಾನೆಗೆ ಹೋಯಿತು, ನನ್ನ ಅತ್ಯಂತ ಖಾರದ ಪತ್ರದೊಂದಿಗೆ. ಉತ್ತರ ಅದೇ: ದೋಷ ಕಂಡುಬಂದಿಲ್ಲ. ಆ ಸಾಲು ಹೇಗೋ ಇಲ್ಲಿನ ಕನ್ನಡದವರ ನಡುವೆ ಹಬ್ಬಿತು. ಒಂದು ಮದುವೆಯ ಪಂಕ್ತಿಯಲ್ಲಿ, ವಾಸಣ್ಣ ಕೂತಿರುವಾಗಲೇ, ಎದುರಿನ ಸಾಲಿನವರೊಬ್ಬರು ಸಾರು ಕಲಸುತ್ತಾ, "ಮಶೀನು ಸರಿ ಉಂಟಂತೆ ಮಾರಾಯ್ರೆ. ಶೆಟ್ರು ಗುಂಡು ಹಾಕ್ಲಿಕ್ಕೇ ಮರ್ತದ್ದಂತೆ" ಎಂದರು. ಪಕ್ಕದವನು, "ಮರ್ತದ್ದಲ್ಲ, ಕೈ ನಡುಗಿದ್ದು" ಎಂದ. ವಾಸಣ್ಣ ಪಾಯಸಕ್ಕೆ ಕಾಯದೆ ಎದ್ದರು. ಎಲೆ ಬಿಟ್ಟು ಎದ್ದವರಲ್ಲ ಅವರು.

ಭುಜಂಗ ಮಾತ್ರ ಒಪ್ಪುತ್ತಿರಲಿಲ್ಲ. "ನಾನು ಸದ್ದು ಕೇಳಿದ್ದೇನೆ. ಭಾವ ಎರಡು ಸಲ ಎಳೆದಿದ್ದಾನೆ. ಫ್ಯಾಕ್ಟರಿಯವ್ರು ಕಳ್ಳರು. ಅಕ್ಕ, ಬಿಡಬೇಡಿ, ಬರೀರಿ." ಅವನಿಗೆ ತನ್ನ ಬೆರಳುಗಳ ನ್ಯಾಯ ಬೇಕಿರಲಿಲ್ಲ. ಭಾವನ ಮಾನ ಬೇಕಿತ್ತು.

ಮರುವರ್ಷ ದಸರಾ ಕಳೆದ ಮೇಲೆ ಅದು ಮತ್ತೆ ಕೈಕೊಟ್ಟಾಗ ನಾನೇ ಜೊತೆಗೆ ಫೋರ್ಟಿಗೆ ಹೊರಟೆ, ಅಂಗಡಿಯಲ್ಲೇ ಕೂತು ಪತ್ರ ಬರೆದು ಮುಗಿಸೋಣವೆಂದು. ಅಂಗಡಿಯ ಮುದುಕ, ಎಲ್ಲರೂ ಕಾಕಾ ಎನ್ನುವವನು, ಈ ಸಲ ಕಳಿಸುವ ಮೊದಲು ತಾನೊಮ್ಮೆ ನೋಡುತ್ತೇನೆಂದು ಬಿಳಿ ಬಟ್ಟೆ ಹಾಸಿ ಅದನ್ನು ಬಿಚ್ಚಿದ. ಕೆಂಪಗೆ ಏನೋ ಚಕ್ಕೆಚಕ್ಕೆಯಾಗಿ ಉದುರಿತು. ತುಕ್ಕು ಅಂದುಕೊಂಡೆ. ಕಾಕಾ ಬೆರಳಲ್ಲಿ ಉಜ್ಜಿ ಮೂಸಿದ. "ಸೇಠ್, ಇಸ್ ಮೇ ಕುಂಕುಮ್ ಕೌನ್ ಭರ್ತಾ ಹೈ? ತೇಲ್ ಕೇ ಸಾಥ್?" ಎಣ್ಣೆ ಕಲಸಿ ಇದರೊಳಗೆ ಕುಂಕುಮ ತುಂಬುವವರು ಯಾರು ಎಂದು ಕೇಳಿದ.

ಗುಂಡಿನ ಬೆನ್ನಿಗೆ ಬಡಿಯಬೇಕಾದ ಮೊನೆಯ ಸುತ್ತ ನನ್ನ ಬೊಟ್ಟು ಕರಗಿ ಇಳಿದು ಅಂಟಾಗಿ ಕೂತಿತ್ತು. ಏಟು ಬೀಳುತ್ತಿತ್ತು, ಸಾಕಾಗುತ್ತಿರಲಿಲ್ಲ. ಕಾರ್ಖಾನೆಯವರು ಬಂದ ಮಾಲನ್ನು ಮೊದಲು ತೊಳೆದು ಆಮೇಲೆ ಹೊಡೆದು ನೋಡುತ್ತಾರೆ ಎಂದ ಕಾಕಾ. ಮತ್ತೆ ಅವರಿಗೆ ದೋಷ ಹೇಗೆ ಕಾಣಬೇಕು?

ವಾಸಣ್ಣ ನನ್ನ ಮುಖ ನೋಡಲಿಲ್ಲ. ಕಾಕಾನ ಗಲ್ಲಾಪೆಟ್ಟಿಗೆಯ ಮೇಲಿದ್ದ ಗಣಪತಿಯನ್ನು ನೋಡಿದರು. "ಒರೆಸಿ ಕೊಡಿ ಕಾಕಾ" ಎಂದರು. ಹೊರಗೆ ಬಂದು ಪಕ್ಕದ ಉಡುಪಿ ಹೋಟೆಲಿನಲ್ಲಿ ಕೂತೆವು. ಬಂದ ಕಾಫಿಯ ಲೋಟವನ್ನು ನಾನು ಬದಿಗೆ ಸರಿಸಿದೆ.

"ನಾನು ಭುಜಂಗನಿಗೆ ಹೇಳ್ತೀನಿ ವಾಸಣ್ಣ. ಎಲ್ಲರಿಗೂ ಹೇಳ್ತೀನಿ. ನಿಮ್ಮ ಕೈ ನಡುಗಲಿಲ್ಲ ಅಂತ ಗೊತ್ತಾಗಲಿ."

"ಎಂತ ಹೇಳ್ತೀರಿ? ಅಕ್ಕನ ಕುಂಕುಮದಿಂದ ಕೈ ಹೋಯ್ತು ಅಂತಲಾ? ನಾಳೆಯಿಂದ ಯಾರಾದ್ರೂ ನಿಮ್ಮನ್ನ ಅರಿಶಿನ ಕುಂಕುಮಕ್ಕೆ ಕರೀತಾರಾ?"

"ಕರೀದೇ ಇರಲಿ."

"ನಿಮ್ಗೆ ಹಗುರ ಆಗ್ತದೆ, ಸರಿ. ಅವ್ನಿಗೆ? ನಿಮ್ಮ ಕೈಯೂಟ ಉಂಡು ದೊಡ್ಡವನಾದವ ಅವ. ಅವ ಫ್ಯಾಕ್ಟರಿಯನ್ನ ಬೈದುಕೊಂಡು ಆರಾಮ ಇದ್ದಾನೆ. ಇರ್ಲಿ. ನಂದು ಮುದಿ ಚರ್ಮ, ಒಂದೆರಡು ಮಾತು ತಡ್ಕೊಳ್ತದೆ." ಆಮೇಲೆ ನನ್ನ ಲೋಟವನ್ನು ನನ್ನ ಕಡೆ ಸರಿಸಿ, "ಫ್ಯಾಕ್ಟರಿಯದೇ ತಪ್ಪು ಅಕ್ಕ. ಕುಡೀರಿ, ಆರ್ತದೆ" ಎಂದರು.

ಹಾಗಾಗಿ ನಾವು ಮುಂದುವರಿಸಿದೆವು. ಗಟ್ಟಿಮುಟ್ಟಾದ ರಿವಾಲ್ವರನ್ನು ಅವರು ಮತ್ತೊಮ್ಮೆ ರಿಪೇರಿಗೆ ಕಳಿಸಿದರು, ಭುಜಂಗ ಕೇಳುತ್ತಾನೆಂದು. ನಾನು, ಬಿಲೀವ್ ಮಿ, ಸಿಸ್ಟರ್‌ಗಳು ಕಲಿಸಿದ ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ, ನಿರಪರಾಧಿಗಳಾದ ಯಾರೋ ಅಪರಿಚಿತರನ್ನು ಮತ್ತೊಮ್ಮೆ ಬೈದು ಬರೆದೆ. ಸಹಿ ವಾಸಣ್ಣನದು. ಆ ಕಡೆ ಯಾವನೋ ಫಿಟ್ಟರು ಮೇಲಧಿಕಾರಿಯಿಂದ ಬೈಸಿಕೊಂಡಿರಬಹುದೇ ಎಂಬ ಯೋಚನೆ ಈಗಲೂ ಬರುತ್ತದೆ.

ಮುಂದಿನ ನವಮಿಗೆ ಅವರು ಬರಲಾರರು ಅಂದುಕೊಂಡಿದ್ದೆ. ಬಂದರು, ಅದೇ ತಟ್ಟೆ ಹಿಡಿದು. ಬಾಗಿಲಲ್ಲೇ ತಡೆದು, "ಬೇಡ ವಾಸಣ್ಣ, ನನ್ನ ಕೈ ಬೇಡ" ಎಂದೆ.

"ಬಿಟ್ರೆ ಭುಜಂಗ ಯಾಕೆ ಅಂತ ಕೇಳ್ತಾನೆ. ಇಡಿ ಅಕ್ಕ. ನಾನು ಈಗ ತೊಳೀಲಿಕ್ಕೆ ಕಲ್ತಿದ್ದೇನೆ."

ಇಟ್ಟೆ. ಅವರು ಮಗುವಿನಂತೆ ಕಣ್ಣು ಮುಚ್ಚಿ ಕೈಮುಗಿದರು. ಕ್ಷಮಿಸಿದ್ದೇನೆಂದು ಬಾಯಿಬಿಟ್ಟು ಹೇಳಿದ್ದರೆ ನಾನು ಎರಡು ದಿನ ಅತ್ತು ಹಗುರಾಗುತ್ತಿದ್ದೆನೇನೋ. ಅವರು ಅದನ್ನು ಹೇಳಲೇ ಇಲ್ಲ, ಅಂಥದ್ದೇನೂ ನಡೆದೇ ಇಲ್ಲವೆಂಬಂತೆ.

ನಮ್ಮವರು ತೀರಿಕೊಂಡರು. ಹೋಟೆಲು ಬೇರೆಯವರ ಕೈಗೆ ಹೋಯಿತು. ರಿವಾಲ್ವರನ್ನು ವಾಸಣ್ಣ ಪೊಲೀಸರಿಗೇ ಒಪ್ಪಿಸಿದರು. 'ಕೈ ನಡುಗಿದ ಶೆಟ್ರು' ಎಂಬ ಹೆಸರು ಮಾತ್ರ ಅವರಲ್ಲೇ ಉಳಿಯಿತು. ಆ ಘಟನೆಯ ಕಾಲಕ್ಕೆ ಹುಟ್ಟಿಯೇ ಇರದ ಹುಡುಗರೂ ಹಾಗೆ ಕರೆಯುವುದನ್ನು ಕೇಳಿದ್ದೇನೆ.

ಕಳೆದ ವರ್ಷ ಅವರನ್ನು ಪಾರ್ಲೆಯ ಒಂದು ಆಸ್ಪತ್ರೆಗೆ ಸೇರಿಸಿದಾಗ ನೋಡಲು ಹೋದೆ. ಮಧ್ಯಾಹ್ನ. ಭುಜಂಗ ಮಂಚದ ಪಕ್ಕ ಕೂತು, ಉಳಿದ ಬೆರಳುಗಳಲ್ಲಿ ಅವರ ಪಾದ ತಿಕ್ಕುತ್ತಿದ್ದ. ಅವನ ತಲೆಯೂ ಬೆಳ್ಳಗಾಗಿದೆ. ನನ್ನನ್ನು ಕಂಡು ಎದ್ದು ಕುರ್ಚಿ ಬಿಟ್ಟ.

"ಅಕ್ಕ, ನಿನ್ನೆ ಊರಿಂದ ಬಂದವ್ರು ನೋಡಿ ಹೋದ್ರು. ಹೊರಗೆ ಲಿಫ್ಟಿನ ಹತ್ರ ಅದೇ ಮಾತು. ನಡುಗಿದ್ದು, ಮರ್ತದ್ದು. ಇವ ಹೋಗುವ ಮೊದ್ಲು ಯಾರಾದ್ರೂ ಒಬ್ರು ಇವನ ತಪ್ಪಲ್ಲ ಅಂತ ಬಾಯಿಬಿಟ್ಟು ಹೇಳ್ಬೇಕು. ನಂಗೆ ಅಷ್ಟೇ ಸಾಕು."

ನಾನು ಬಾಯಿ ತೆರೆದೆ. ಇಷ್ಟು ವರ್ಷ ಮನಸ್ಸಿನಲ್ಲಿ ಹೇಳಿಕೊಂಡೇ ಇದ್ದ ವಾಕ್ಯ, ನಾಲಿಗೆಯ ತುದಿಯಲ್ಲೇ ಇತ್ತು. "ಭುಜಂಗ, ಕೇಳಪ್ಪ," ಎಂದೆ.

ವಾಸಣ್ಣ ಕಣ್ಣು ತೆರೆದರು. ದನಿ ಬಹಳ ಸಣ್ಣದಾಗಿತ್ತು, ಆದರೆ ಗಲ್ಲಾದಲ್ಲಿ ಕೂತು ಹುಡುಗರಿಗೆ ಆರ್ಡರು ಹೇಳುವ ಅದೇ ಧಾಟಿ.

"ಅಕ್ಕ ಬಂದು ಎಷ್ಟು ಹೊತ್ತಾಯ್ತು, ಒಂದು ಚಾ ತರ್ಲಿಕ್ಕೆ ಆಗ್ಲಿಲ್ವಾ ನಿಂಗೆ? ಹೋಗು. ಸಕ್ಕರೆ ಕಮ್ಮಿ."

ಭುಜಂಗ ಹೋದ. ವಾಸಣ್ಣ ನನ್ನನ್ನು ನೋಡಿ, ತಲೆಯನ್ನು ದಿಂಬಿನ ಮೇಲೆ ಆ ಕಡೆಯಿಂದ ಈ ಕಡೆಗೆ ಒಮ್ಮೆ ಆಡಿಸಿ, ಗೋಡೆಯ ಕಡೆ ತಿರುಗಿ ಮಲಗಿದರು.

ಚಾ ಬರುವವರೆಗೆ ಕೂತಿದ್ದರೆ ಹೇಳಿಬಿಡುತ್ತಿದ್ದೆ. ಅದು ಗೊತ್ತಿದ್ದೇ ನಾನು ಪರ್ಸು ತೆಗೆದುಕೊಂಡು, ಲಿಫ್ಟಿಗೆ ಕಾಯದೆ, ಮೆಟ್ಟಿಲು ಇಳಿದು ಬಂದೆ.